ಹಗ್ಗದ ಪಾಲು

"ಅಜ್ಜಯ್ಯ, ಯಾರಿಗೂ ಕೇಡು ಮಾಡದೆ, ಯಾರದನ್ನೂ ಕಸಿದುಕೊಳ್ಳದೆ, ಕಷ್ಟದ ದಿನಗಳಲ್ಲಿ ಒಬ್ಬನು ತನ್ನ ಹೊಟ್ಟೆಯನ್ನು ತಾನು ನೋಡಿಕೊಂಡರೆ ಅದರಲ್ಲಿ ತಪ್ಪೇನಿದೆ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠದಲ್ಲಿ ಹಿಟ್ಟು ಬೀಸುವ, ನೀರು ಸೇದುವ ಶಿಷ್ಯ. ಬೆಳಗಿನಿಂದ ಬೀಸುಕಲ್ಲು ತಿರುಗಿಸಿ ಅವನ ತೋಳು ಸೋತಿತ್ತು. ಮಠದ ಹಿರಿಯರಾದ ಅಜ್ಜಯ್ಯನವರಿಗೆ ವಯಸ್ಸಾಗಿತ್ತು. ಅವರು ಕಟ್ಟೆಯ ಮೇಲೆ ಬಿಸಿಲಿಗೆ ಕಾಲು ಚಾಚಿಕೊಂಡು ಕುಳಿತಿದ್ದರು.

"ತಪ್ಪು ಅಂತ ನಾನು ಹೇಳಿದೆನೇ?" ಎಂದರು. "ಕೂತ್ಕೋ. ಒಂದು ಕತೆ ಹೇಳ್ತೀನಿ. ತಪ್ಪೋ ಸರಿಯೋ ಕೇಳಿದ ಮೇಲೆ ನೀನೇ ಹೇಳುವೆಯಂತೆ."

ಒಂದು ಊರಿನಲ್ಲಿ ಒಬ್ಬ ಮರದವನಿದ್ದ. ಮರದವನು ಅಂದರೆ ಮರ ನೆಡುವವನಲ್ಲ, ಮಾರುವವನೂ ಅಲ್ಲ. ಮನೆಯ ಮೇಲೆ ಬಾಗಿದ ಕೊಂಬೆ, ದಾರಿಗೆ ಅಡ್ಡ ಬಂದ ಕೊಂಬೆ, ಸಿಡಿಲು ಬಡಿದು ಸೀಳಿ ನಿಂತ ಕೊಂಬೆ, ಇಂಥವನ್ನು ಹತ್ತಿ ಕಡಿದು ಕೆಳಗಿಳಿಸುವವನು. ಅವನಿಗೊಬ್ಬ ಜೊತೆಗಾರನಿದ್ದ. ಹೆಸರು ಓಬಣ್ಣ, ವಯಸ್ಸಿನಲ್ಲಿ ಹಿರಿಯ. ಊರವರು ಅವನನ್ನು ಹಗ್ಗದವನು ಎನ್ನುತ್ತಿದ್ದರು.

ಅವರ ಕೆಲಸ ಹೀಗೆ. ಮರದವನ ಸೊಂಟಕ್ಕೆ ಕಟ್ಟಿದ ಹಗ್ಗ ಮೇಲಿನ ಗಟ್ಟಿಯಾದ ಕವಲಿನ ಮೇಲೆ ಹಾದು, ಕೆಳಗೆ ಹಗ್ಗದವನ ಕೈಗೆ ಬರುತ್ತಿತ್ತು. ಮೇಲಿನವನು ಕೊಂಬೆಯ ತುದಿಗೆ ಹೋಗಿ, ಕಾಲಿಗೆ ನೆಲೆ ಸಿಗದ ಕಡೆಯಲ್ಲಿ ಮೈಭಾರವನ್ನೆಲ್ಲ ಆ ಹಗ್ಗಕ್ಕೆ ಬಿಟ್ಟು, ಎರಡೂ ಕೈಯಿಂದ ಕೊಡಲಿ ಬೀಸುತ್ತಿದ್ದ. ಕೆಳಗಿನವನು ಹಗ್ಗವನ್ನು ಮರದ ಬುಡಕ್ಕೆ ಒಂದು ಸುತ್ತು ಹಾಕಿ, ಹಿಮ್ಮಡಿ ಊರಿ ನಿಂತಿರುತ್ತಿದ್ದ. ನೋಡುವವರಿಗೆ ಒಬ್ಬನು ದುಡಿಯುತ್ತಾನೆ, ಇನ್ನೊಬ್ಬನು ಸುಮ್ಮನೆ ನಿಂತಿದ್ದಾನೆ.

ಆದರೂ ಕೂಲಿಯಾಗಿ ಸಿಕ್ಕ ಕಾಳಿನಲ್ಲಿ ಸರಿಯರ್ಧ ಹಗ್ಗಕ್ಕೆ. ಹಗ್ಗ ಬಿಚ್ಚುವ ಪ್ರಸಂಗವೇ ಬಾರದ ಚಿಕ್ಕ ಕೆಲಸವಾದರೂ ಜೊತೆಗಾರನನ್ನು ಕರೆಯಬೇಕು, ಅವನು ಬಂದು ಬುಡದಲ್ಲಿ ನಿಲ್ಲಬೇಕು, ತನ್ನ ಪಾಲು ಒಯ್ಯಬೇಕು. ಇದು ಆ ಕೆಲಸದವರಲ್ಲಿ ನಡೆದುಬಂದ ಪದ್ಧತಿ. ಯಾರು ಮಾಡಿದರು, ಯಾಕೆ ಮಾಡಿದರು ಎಂದು ಯಾರೂ ಕೇಳಿರಲಿಲ್ಲ.

ಬೇಸಿಗೆಯ ಕೊನೆಗೆ ಅವರಿಗೆ ಬೆವರು ಒರೆಸಿಕೊಳ್ಳಲೂ ಬಿಡುವು ಇರುತ್ತಿರಲಿಲ್ಲ. ಮಳೆ ಹತ್ತಿರ ಬಂತೆಂದರೆ ಎಲ್ಲರ ಕಣ್ಣಿಗೂ ತಮ್ಮ ಸೂರಿನ ಮೇಲಿನ ಕೊಂಬೆ ಕಾಣುತ್ತದೆ. ಮಳೆಗಾಲದಲ್ಲಿ ಬಿದ್ದ ಮರ ತೆಗೆಯುವ ಕೆಲಸ. ದೀಪಾವಳಿ ಕಳೆದು ಚಳಿ ಶುರುವಾಯಿತೆಂದರೆ ಮಾತ್ರ ಕರೆಯುವವರೇ ಇಲ್ಲ. ಗಾಳಿ ಇಲ್ಲದ ಮೇಲೆ ಕೊಂಬೆಯ ಭಯ ಯಾರಿಗಿದೆ? ಹುಣಸೆಯಲ್ಲಿ ಕಾಯಿ ತೂಗುತ್ತಿರುತ್ತದೆ, ಮಾವು ಹೂ ಬಿಡುತ್ತದೆ. ಆಗ ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಬೀದಿಯಲ್ಲಿ ನಡೆದರೆ ಹೆಂಗಸರು ಬಾಗಿಲಿಗೆ ಬಂದು, "ಹೂ ಬಿಟ್ಟ ಮರದ ಹತ್ರ ಕಬ್ಬಿಣ ತರಬ್ಯಾಡ, ಆಚೆ ಹೋಗಪ್ಪ" ಎನ್ನುತ್ತಿದ್ದರು.

ಆ ಕೆಲಸದವರು ಚಳಿಗಾಲವನ್ನು ಹೇಗೋ ತಳ್ಳುತ್ತಿದ್ದರು. ಕೆಲವರು ಕೊಡಲಿಯ ಕಾವು ಕೆತ್ತಿ ಮಾರುತ್ತಿದ್ದರು. ಕೆಲವರು ರಾಗಿ ಕೊಯ್ಲಿಗೆ ಹೋಗುತ್ತಿದ್ದರು. ಕೆಲವರು ಕಂಬಳಿ ಹೊದ್ದು ಮಲಗಿ, ಹಸಿವಿಗೆ ನಿದ್ದೆಯನ್ನೇ ಉಣಿಸುತ್ತಿದ್ದರು.

ನಮ್ಮ ಮರದವನೂ ಒಂದು ವರ್ಷ ಕೊಯ್ಲಿಗೆ ಹೋದ. ಕೊಡಲಿ ಹಿಡಿದ ಕೈ, ಕುಡುಗೋಲು ಹಿಡಿದರೂ ಹೆಗಲಿನಿಂದಲೇ ಬೀಸಿತು. ಸಾಲಿನಲ್ಲಿದ್ದ ಹೆಂಗಸರು ಸೊಂಟ ಹಿಡಿದುಕೊಂಡು ನಕ್ಕರು. "ಏನಪ್ಪಾ, ರಾಗಿ ತೆನೇನೂ ಗೋಣಿ ಮರ ಅಂದ್ಕೊಂಡ್ಯಾ? ಮೆಲ್ಲಗೆ ಮಾರಾಯ, ನಮ್ಮ ಕಾಲೂ ಇಲ್ಲೇ ಅವೆ!" ಮಾರನೆಯ ದಿನ ಹೊಲದವನು ಅವನನ್ನು ಕರೆಯಲಿಲ್ಲ.

ಓಬಣ್ಣನಿಗೆ ಕೊಯ್ಲಿನ ಆಸೆಯೂ ಇರಲಿಲ್ಲ. ಹಿಂದೊಮ್ಮೆ ಕೊಂಬೆ ಮುರಿದು ಮರದವನು ಮೇಲಿನಿಂದ ಜೋತುಬಿದ್ದಾಗ, ಹಗ್ಗ ಬಿಡದೆ ಹಿಡಿದ ಓಬಣ್ಣನ ಬಲಗಡೆಯ ಭುಜ ಎಳೆದುಕೊಂಡಿತ್ತು. ಊರಿ ನಿಂತು ಹಗ್ಗ ಹಿಡಿಯಬಲ್ಲ. ಬಾಗಿ ಕೊಯ್ಯಲಾರ. ಚಳಿಗಾಲದಲ್ಲಿ ಅವನು ಮನೆಯ ಮುಂದೆ ಕುಳಿತು ಕತ್ತಾಳೆಯ ನಾರು ಬಡಿಯುತ್ತಿದ್ದ, ಒಣಗಿಸುತ್ತಿದ್ದ, ಹೊಸೆಯುತ್ತಿದ್ದ. ಮರದವನು ಬಂದು ಕರೆದರೆ ಏಳುತ್ತಿದ್ದ.

ಆ ವರ್ಷ ಚಳಿ ಮುಗಿಯುವಂತೆಯೇ ಕಾಣಲಿಲ್ಲ. ಮರದವನ ಮನೆಯಲ್ಲಿ ಮಕ್ಕಳು ಒಂದು ಹೊತ್ತು ಉಂಡು ಮಲಗತೊಡಗಿದರು. ಅಂಥ ದಿನದಲ್ಲಿ ಎಣ್ಣೆಯ ಗಾಣದವನ ಹೆಂಡತಿ ಹೇಳಿಕಳಿಸಿದಳು. ಹಿತ್ತಲಿನ ನುಗ್ಗೆ ಮರದ ಕೊಂಬೆ ಗೋಡೆಗೆ ಒರಗಿದೆ, ತೆಗೆದು ಹೋಗು, ರಾಗಿ ಕೊಡುತ್ತೇನೆ ಎಂದಳು.

ನುಗ್ಗೆ ಮರವನ್ನು ಯಾರೂ ಹತ್ತುವುದಿಲ್ಲ. ಅದು ಕಾಲಿಟ್ಟರೆ ಮುರಿಯುವ ಮರ. ಗೋಡೆಯ ಮೇಲೆ ನಿಂತು ಮಚ್ಚಿನಿಂದ ಕೊಚ್ಚಿದರೆ ಮುಗಿಯಿತು.

ಮರದವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಓಬಣ್ಣನ್ನ ಕರೆದು ಬರ್ತೀನಿ" ಎಂದ.

ಹೆಂಡತಿ ಒಲೆಯ ಮುಂದಿನಿಂದ ತಿರುಗಿದಳು. "ಒಂದು ನುಗ್ಗೆ ಕೊಂಬೆಗೆ ಓಬಣ್ಣ ಬಂದು ನಿಲ್ಲಬೇಕಾ? ನಿಂತದ್ದಕ್ಕೆ ಅರ್ಧ ರಾಗಿ ಹೊತ್ಕೊಂಡು ಹೋಗಬೇಕಾ? ನಿಲ್ಲಾದೇ ಕೆಲಸ ಆದ್ರೆ ನಾನೇ ಬಂದು ನಿಲ್ತೀನಿ. ಪಾಲು ಮನೇಲೇ ಉಳೀತದೆ."

"ನೀನು ನಿಂತ್ರೆ ಮರ ಬೇರು ಕಿತ್ಕೊಂಡು ಓಡ್ತದೆ."

"ಓಡ್ಲಿ ಬಿಡು, ಕಡಿಯೋ ಶ್ರಮ ತಪ್ತು" ಎಂದಳು. ಆಮೇಲೆ ದನಿ ತಗ್ಗಿಸಿ, "ಮಕ್ಕಳ ಮುಖ ನೋಡು" ಎಂದಳು.

ಅವಳು ಕೆಟ್ಟ ಹೆಂಗಸಲ್ಲ, ಮರುಳಯ್ಯ. ಬರಿ ಮಡಕೆ ಕೆರೆದು ಕೆರೆದು ಅವಳ ಕೈ ಸೋತಿತ್ತು.

ಮರದವನು ಓಬಣ್ಣನ ಮನೆಯ ತಿರುವಿನ ತನಕ ಹೋದ. ನಾರು ಬಡಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತು ನಿಂತ. ಹಿಂದಕ್ಕೆ ತಿರುಗಿ ಗಾಣದವನ ಮನೆಗೆ ಒಬ್ಬನೇ ಹೋದ. ಕೆಲಸ ಸಲೀಸಾಗಿ ಮುಗಿಯಿತು. ಯಾರೂ ಬೀಳಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಆ ಸಂಜೆ ಮಕ್ಕಳು ಮುದ್ದೆಯನ್ನು ಎರಡನೆಯ ಸಲ ಹಾಕಿಸಿಕೊಂಡರು.

ಆಮೇಲೆ ಕುರಿಯವನಿಗೆ ಸೊಪ್ಪು ಕೊಯ್ದುಕೊಟ್ಟ. ಇನ್ಯಾರದೋ ತೆಂಗಿನ ಒಣಗರಿ ಕಿತ್ತ. ಎಲ್ಲವೂ ಒಂಟಿ ಕೈಯ ಕೆಲಸ. ಹೋಗುವಾಗ ಬರುವಾಗ ಓಬಣ್ಣನ ಬೀದಿ ಬಿಟ್ಟು ಕೆರೆಯ ಹಿಂದಿನ ದಾರಿ ಹಿಡಿಯುತ್ತಿದ್ದ. ಅದು ಸುತ್ತು ದಾರಿ. ಕಾಲು ನೋಯುತ್ತಿತ್ತು.

ಒಂದು ದಿನ ಆ ಕೆರೆಯ ಹತ್ತಿರವೇ ಓಬಣ್ಣ ಸಿಕ್ಕ. ಕತ್ತಾಳೆ ಪಟ್ಟಿಗಳನ್ನು ನೀರಿನಲ್ಲಿ ನೆನೆಹಾಕಿ, ಮೇಲೆ ಕಲ್ಲು ಹೇರುತ್ತಿದ್ದ. ಮೈ ಇಳಿದುಹೋಗಿತ್ತು.

"ಎಲ್ಲಾದ್ರೂ ಕೆಲಸ ಸಿಕ್ತೇನಪ್ಪಾ ತಮ್ಮ?" ಎಂದು ಕೇಳಿದ.

"ಎಲ್ಲಿ ಬಂತಣ್ಣ, ಚಳಿಗಾಲ."

ಮರದವನ ತಲೆಗೂದಲಲ್ಲಿ ಒಂದು ಹಸಿ ಎಲೆ ಸಿಕ್ಕಿಕೊಂಡಿತ್ತು. ಓಬಣ್ಣ ಒದ್ದೆ ಕೈ ಒರೆಸಿಕೊಂಡು ಹತ್ತಿರ ಬಂದು ಅದನ್ನು ತೆಗೆದ. ನೆಲಕ್ಕೆ ಹಾಕಿದ.

"ಹೌದು ಕಣಪ್ಪ, ಚಳಿಗಾಲ" ಎಂದ. ಮತ್ತೆ ಕಲ್ಲು ಹೇರತೊಡಗಿದ.

ಅಂತೂ ಚಳಿ ಹೋಯಿತು. ಯುಗಾದಿ ಕಳೆಯಿತು. ಮೊದಲ ಕರೆ ಕುಂಬಾರನಿಂದ ಬಂತು. ಅವನ ಮನೆಯ ಹಿಂದೆ ದೊಡ್ಡ ಗೋಣಿ ಮರ. ಅದರ ಒಂದು ಕೊಂಬೆ ಒಳಗೆ ಹುಳು ತಿಂದು, ಹೆಂಚಿನ ಮಾಡಿನ ಮೇಲೆ ಚಾಚಿಕೊಂಡಿತ್ತು. ಬುಡದಲ್ಲಿ ಕಡಿದರೆ ಮನೆಯೇ ಪುಡಿ. ತುದಿಗೆ ಹೋಗಿ, ತುಂಡು ತುಂಡಾಗಿ ಕಡಿಯುತ್ತ ಹಿಂದಕ್ಕೆ ಬರಬೇಕು. ವರ್ಷದ ಮೊದಲ ಕೆಲಸವನ್ನು ಊರೆಲ್ಲ ನೋಡುತ್ತದೆ. ಅದು ಚೆನ್ನಾಗಿ ಆದರೆ ಮಳೆಯ ತನಕ ಬಿಡುವಿಲ್ಲದ ದುಡಿಮೆ. ಅದು ಕೆಟ್ಟರೆ ಜನ ಬೇರೆ ಊರಿನ ಜೋಡಿಯನ್ನು ಕರೆಯುತ್ತಾರೆ. ಇದು ಇಬ್ಬರಿಗೂ ಗೊತ್ತಿತ್ತು.

ಮರದವನು ಹೇಳಿಕಳಿಸಿದ. ಓಬಣ್ಣ ಬಂದ. ಹೆಗಲ ಮೇಲೆ ಹೊಸ ಹಗ್ಗ, ಬೆಳ್ಳಗೆ.

"ಹಳೇದು ಸವೆದಿತ್ತು. ನಿನಗೆ ಅಂತ ಹೊಸದು ಹೊಸೆದೆ" ಎಂದ.

ಮರದವನು ಹಗ್ಗವನ್ನು ಕೈಗೆ ತೆಗೆದುಕೊಂಡ. ಈ ತುದಿಯಿಂದ ಆ ತುದಿಯ ತನಕ ಬೆರಳಿನಿಂದ ಒತ್ತಿ ಒತ್ತಿ ನೋಡಿದ. ಅಲ್ಲಲ್ಲಿ ಎಳೆ ಬಿಡಿಸಿ ನೋಡಿದ. ಇಷ್ಟು ವರ್ಷಗಳಲ್ಲಿ ಅವನು ಹಾಗೆ ನೋಡಿದವನಲ್ಲ. ಓಬಣ್ಣ ಕೊಟ್ಟದ್ದನ್ನು ಸೊಂಟಕ್ಕೆ ಸುತ್ತಿಕೊಂಡು ಹತ್ತುತ್ತಿದ್ದ, ಅಷ್ಟೆ.

ಓಬಣ್ಣ ಅವನ ಬೆರಳುಗಳನ್ನೇ ನೋಡುತ್ತ ನಿಂತಿದ್ದ. "ನೋಡ್ಕೋ, ಸರಿಯಾಗಿ ನೋಡ್ಕೋ" ಎಂದು ಹೇಳಿ ಮರದ ಬುಡದ ಕಡೆಗೆ ತಿರುಗಿದ.

ಹಗ್ಗದಲ್ಲಿ ಒಂದು ಕೊರತೆಯೂ ಇರಲಿಲ್ಲ.

ಮರದವನು ಹತ್ತಿದ. ಕವಲಿನ ಮೇಲೆ ಹಗ್ಗ ಹಾಯಿಸಿದ. ಕೊಂಬೆಯ ಮೇಲೆ ಕುಳಿತು ಜರುಗುತ್ತ ಜರುಗುತ್ತ, ಅದು ತೆಳ್ಳಗಾಗುವಲ್ಲಿಗೆ ಬಂದ. ಇನ್ನು ಮುಂದೆ ಕೊಂಬೆ ಅವನನ್ನು ಹೊರುವುದಿಲ್ಲ. ಇನ್ನು ಮುಂದೆ ಹಗ್ಗವೇ ಹೊರಬೇಕು.

ಅಲ್ಲಿ ಅವನು ಕೆಳಗೆ ನೋಡಿದ.

ಮೇಲಿನಿಂದ ನೋಡಿದರೆ ಮನುಷ್ಯನ ಮುಖ ಕಾಣುವುದಿಲ್ಲ. ರುಮಾಲು ಕಾಣುತ್ತದೆ, ಎರಡು ಕೈ ಕಾಣುತ್ತವೆ. ಆ ಕೈಗಳು ಬಡಕಲಾಗಿದ್ದವು. ಆ ಕೈ ಚಳಿಗಾಲವೆಲ್ಲ ಏನು ಉಂಡಿತು ಎಂಬ ಯೋಚನೆ ಅವನಿಗೆ ಬಂತು. ನನ್ನ ಮನೆಯಲ್ಲಿ ಮುದ್ದೆ ಬೆಂದ ವಾಸನೆ ಆ ಬೀದಿಗೆ ಹೋಗಿರದೆ ಇರುತ್ತದೆಯೇ? ಇವನಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದಾನೆ. ಸುಮ್ಮನಿರುವವನ ಮನಸ್ಸಿನಲ್ಲಿ ಏನಿದೆ?

"ಓಬಣ್ಣಾ, ಹಿಡಿದಿದ್ದೀಯಾ?" ಎಂದು ಕೂಗಿದ.

ಆ ಕೆಲಸದವರು ಈ ಮಾತನ್ನು ಕೇಳುವುದಿಲ್ಲ. ಉಣ್ಣಲು ಕುಳಿತವನು, ಅನ್ನದಲ್ಲಿ ಏನು ಹಾಕಿದ್ದೀಯ ಎಂದು ಹೆತ್ತವಳನ್ನು ಕೇಳಿದ ಹಾಗೆ ಅದು.

ಕೆಳಗಿನಿಂದ ಉತ್ತರ ಬಂತು. "ಹಿಡಿದಿದೀನಿ."

ಅವನು ಕಾಲು ಮುಂದಿಟ್ಟ, ಹಿಂದಕ್ಕೆ ಎಳೆದುಕೊಂಡ. "ಗಟ್ಟಿಯಾಗಿ ಹಿಡಿದಿದ್ದೀಯಾ?"

"ಹಿಡಿದಿದೀನಿ ತಮ್ಮ."

ಕುಂಬಾರ ಒಮ್ಮೆ ಮೇಲೆ ನೋಡಿದ, ಒಮ್ಮೆ ಕೆಳಗೆ ನೋಡಿದ. ಮರದವನು ಮೂರನೆಯ ಸಲ ಕೇಳಿದ. ಹಗ್ಗ ಸಡಿಲವಿಲ್ಲ ಎಂದು ತಿಳಿಯಲಿ ಅಂತ ಓಬಣ್ಣ ಒಂದು ಸಲ ಬಿಗಿಯಾಗಿ ಜಗ್ಗಿದ. ಸೊಂಟ ಎಳೆದಂತಾದ ಕೂಡಲೇ ಮರದವನು ಕೊಡಲಿ ಬಿಟ್ಟು ಕೊಂಬೆಯನ್ನು ತಬ್ಬಿಕೊಂಡ. ಕೊಡಲಿ ಹೆಂಚಿನ ಮೇಲೆ ಬಿತ್ತು. ಹೆಂಚು ಒಡೆಯಿತು. ಒಳಗೆ ಕುಂಬಾರನ ಹೆಂಡತಿ ಕಿರುಚಿದಳು.

ಅವನು ತಬ್ಬಿಕೊಂಡೇ ಹಿಂದಕ್ಕೆ ಜರುಗಿದ. ತಬ್ಬಿಕೊಂಡೇ ಇಳಿದ. "ತಲೆ ಸುತ್ತು ಬಂತು" ಎಂದು ಹೇಳಿದ. ಅವನ ಸೊಂಟದ ಗಂಟನ್ನು ಓಬಣ್ಣನೇ ಬಿಚ್ಚಿದ. ಗಂಟು ಬಿಚ್ಚುವಾಗ ಇಬ್ಬರ ಮುಖವೂ ಹತ್ತಿರವಿತ್ತು. ಮರದವನು ಅತ್ತ ನೋಡಲಿಲ್ಲ. ಓಬಣ್ಣ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ, ಭುಜ ಒತ್ತಿಕೊಳ್ಳುತ್ತ ಮನೆಗೆ ಹೋದ.

ಮಾರನೆಯ ದಿನ ಕುಂಬಾರ ಪಕ್ಕದ ಊರಿನಿಂದ ಬೇರೆ ಜೋಡಿಯನ್ನು ಕರೆಸಿದ. ಮರದವನು ಆಮೇಲೆ ಒಂದೆರಡು ಸಲ ಒಬ್ಬನೇ ಇದ್ದಾಗ ಕೆರೆಯ ಹತ್ತಿರದ ಮರ ಹತ್ತಿ ನೋಡಿದ. ತೆಳ್ಳಗಾಗುವ ಜಾಗ ಬಂದ ಕೂಡಲೇ ಮೈ ನಿಂತುಹೋಗುತ್ತಿತ್ತು. ಕೊನೆಗೆ ಅವನು ಕೊಡಲಿ ಮಾರಿ, ಊರೂರು ತಿರುಗಿ ಸೊಪ್ಪು ಕೊಯ್ಯುವವನಾದ. ಬದುಕೇನೋ ನಡೆಯಿತು. ಬೇಸಿಗೆಯೂ ಚಳಿಗಾಲವೂ ಅವನಿಗೆ ಒಂದೇ ಆಯಿತು.

ಅಜ್ಜಯ್ಯ ಇಷ್ಟು ಹೇಳಿ ಕಾಲು ಮಡಚಿಕೊಂಡರು. ಬಿಸಿಲು ಕಟ್ಟೆಯಿಂದ ಇಳಿದುಹೋಗಿತ್ತು.

ಮರುಳಯ್ಯ ಕೇಳಿದ: "ಅಜ್ಜಯ್ಯ, ಆ ಓಬಣ್ಣನ ಮನಸ್ಸಿನಲ್ಲಿ ನಿಜವಾಗಿ ಸಿಟ್ಟು ಇತ್ತೇ? ಅವನು ಆವತ್ತು ಹಗ್ಗ ಬಿಡುತ್ತಿದ್ದನೇ, ಹಿಡಿಯುತ್ತಿದ್ದನೇ?"

"ಅದು ತಿಳಿಯಬೇಕಾದರೆ ಮೇಲಿದ್ದವನು ಭಾರ ಬಿಡಬೇಕಿತ್ತಲ್ಲ, ಮಗು."