ಎಲ್ಲ ದಿಕ್ಕಿಗೂ ಕುಣಿದ ಜೇನು

ಎಂದಿನಂಥ ಒಂದು ಮಧ್ಯಾಹ್ನ ತುಡುವೆ ಜೇನಿನ ಗುಂಪು ಹಳೆಯ ಗೂಡು ಬಿಟ್ಟು, ರಾಣಿಯನ್ನು ನಡುವೆ ಇಟ್ಟುಕೊಂಡು ಹುಣಸೆಯ ಕೊಂಬೆಗೆ ಜೋತುಬಿದ್ದಿತ್ತು. ಮೋಡ ಕವಿಯುತ್ತಿತ್ತು, ಮಳೆಗೆ ಮುಂಚೆ ಮನೆ ಸಿಗಬೇಕಿತ್ತು. ಜಾಗ ಕಂಡ ಜೇನು ಕುಣಿದು ಅದರ ದಿಕ್ಕು ತೋರಿಸುವುದು ಅವುಗಳ ಪದ್ಧತಿ.

ಹುಡುಕಿ ಬಂದ ಮುದಿ ಜೇನು ದಕ್ಷಿಣಕ್ಕೆ ಮುಖ ಮಾಡಿ ಕುಣಿಯಿತು. "ಕಾಲುವೆಯಾಚೆ ನೇರಳೆ ಮರದಲ್ಲಿ ಪೊಟರೆಯಿದೆ. ಸ್ವಲ್ಪ ಇಕ್ಕಟ್ಟು. ಇರುವೆಗಳನ್ನು ಓಡಿಸಬೇಕು."

"ಅಜ್ಜೀ, ಇರುವೆಯ ಸುದ್ದಿ ಯಾರು ಕೇಳಿದರು?" ಎಂದು ಕಿರಿಯ ಜೇನುಗಳು ನಕ್ಕವು.

ಆಗ ಎಲ್ಲಿಗೂ ಹೋಗಿ ಬಾರದ ಗಂಡುಜೇನೊಂದು ಎದ್ದು ಸುತ್ತಲೂ ತಿರುಗುತ್ತ ಕುಣಿಯಿತು. "ಬಂಧುಗಳೇ, ನಿಮ್ಮನ್ನು ಬೆಳಕಿನೆಡೆಗೆ, ನಮ್ಮ ಘನತೆಯೆಡೆಗೆ ಕರೆದೊಯ್ಯುತ್ತೇನೆ!"

ಆ ಝೇಂಕಾರಕ್ಕೆ ಗುಂಪೆಲ್ಲ ಮೆಲ್ಲಗೆ ತೂಗಿತು. ಒಂದು ಜೇನಿಗೆ ಸೂರ್ಯಕಾಂತಿಯ ಹೊಲ ಕಂಡಿತು. ಇನ್ನೊಂದಕ್ಕೆ, ಸತ್ತ ತಂಗಿಯರೆಲ್ಲ ಕಾಯುತ್ತ ಕುಳಿತ ಗೂಡು ಕಂಡಿತು.

"ತಮ್ಮಾ, ಅದು ಯಾವ ಮರ?" ಎಂದು ಮುದಿ ಜೇನು ಕೇಳಿತು.

"ಘನತೆಯ ಮಾತಾಡಿದರೆ ಅಜ್ಜಿ ಮರ ಕೇಳುತ್ತಾಳೆ!" ಎಂದಿತು ಗಂಡುಜೇನು. ಗುಂಪು ನಗುತ್ತ ಅದರ ಹಿಂದೆ ಹಾರಿತು. ಮುದಿ ಜೇನೂ ಹಾರಿತು. ಒಂಟಿಯಾಗಿ ಬದುಕುವುದು ಜೇನಿಗೆ ಆಗದು.

ಮಸುಕು ಬೆಳಕಿನಲ್ಲಿ ಹಾರಿ ಹಾರಿ, ರೆಕ್ಕೆ ಸೋತು, ಅವು ಒಂದು ಬೋಳು ಕೊಂಬೆಯ ಮೇಲೆ ಇಳಿದವು.

"ಅಣ್ಣಾ, ಬಂದೆವೇ?" ಎಂದು ಕಿರಿಯ ಜೇನೊಂದು ಕೇಳಿತು.

"ಇನ್ನೇನು, ಹತ್ತಿರವಿದ್ದೇವೆ," ಎಂದು ಗಂಡುಜೇನು ಮತ್ತೆ ಕುಣಿಯತೊಡಗಿತು. ರಾಣಿಯನ್ನು ಮುಚ್ಚಿ ನಿಲ್ಲುವುದನ್ನೂ ಮರೆತು ಎಲ್ಲ ಜೇನುಗಳೂ ಅದರತ್ತ ತಿರುಗಿದವು.

ಮೊದಲ ಹನಿ ರಾಣಿಯ ಬೆನ್ನ ಮೇಲೆ ಬಿತ್ತು.