ಪಿನ್ನು ಕೂಡಿತು, ಕರೆಂಟು ಕೂಡಲಿಲ್ಲ

ಲಿಂಗಸುಗೂರಿನ ಬಡಗಿ ಮೌನೇಶನ ಮನೆಗೆ ಒಂದು ಬುಧವಾರ ಮಧ್ಯಾಹ್ನ ಅಮೆರಿಕದಿಂದ ಪಾರ್ಸೆಲ್ ಬಂತು. ಅದಕ್ಕಾಗಿ ಅವನು ಇಪ್ಪತ್ತಾರು ದಿನ ಕಾದಿದ್ದ. ದಿನಕ್ಕೆ ಹತ್ತು ಸಲ ಮೊಬೈಲ್ ತೆಗೆದು ಅದು ಎಲ್ಲಿಗೆ ಬಂತು ಎಂದು ನೋಡುತ್ತಿದ್ದ. ಪೆಟ್ಟಿಗೆ ಕೈಗೆ ಸಿಕ್ಕಿದ್ದೇ ತಡ, ಬರಿಗಾಲಲ್ಲೇ ಬೀದಿಗೆ ಬಂದು ಕೂಗಿದ: "ಬಂತು! ಬಂತ್ರೀ!"

ಒಳಗಿದ್ದದ್ದು ಬ್ಯಾಟರಿ ಡ್ರಿಲ್. ವೈರ್ ಎಳೆಯುವ ಗೋಜಿಲ್ಲ. ಜೊತೆಗೆ ಎರಡು ಬ್ಯಾಟರಿ, ಒಂದು ಚಾರ್ಜರ್. ಕಂಪನಿ ಹೆಸರಾಂತದ್ದು, ಇಲ್ಲೂ ಸಿಗುತ್ತದೆ. ಆದರೆ ಹೊರದೇಶದ ಜಾಲತಾಣದಲ್ಲಿ ಅರ್ಧ ಬೆಲೆಗೆ ಕಂಡಿದ್ದರಿಂದ ಅಲ್ಲಿಂದಲೇ ತರಿಸಿದ್ದ.

ಡ್ರಿಲ್ ತರಿಸಲು ಕಾರಣವಿತ್ತು. ಕೃಷ್ಣಾ ನದಿಯ ನಡುವೆ ತುಂಬಗಡ್ಡಿ ಎಂಬ ಪುಟ್ಟ ನಡುಗಡ್ಡೆ. ಅಲ್ಲಿ ಮೂವತ್ತು ಮನೆ. ದಡಕ್ಕೆ ಬರಲು ಇರುವುದು ಒಂದು ಕಾಲುಸೇತುವೆ. ಕಬ್ಬಿಣದ ಚೌಕಟ್ಟು ಗಟ್ಟಿಯಾಗಿತ್ತು, ಮೇಲಿನ ಹಲಗೆಗಳು ಮಾತ್ರ ಕೊಳೆತಿದ್ದವು. ನೂರಾ ಇಪ್ಪತ್ತು ಹಲಗೆ ಬದಲಿಸುವ ಕೆಲಸ ಮೌನೇಶನಿಗೆ ಸಿಕ್ಕಿತ್ತು. ಹಲಗೆಗೆ ನಾಲ್ಕು ತೂತು, ನಾಲ್ಕು ಬೋಲ್ಟು. ಸೇತುವೆಯ ಮೇಲೆ ಕರೆಂಟಿಲ್ಲ. ನೀರಿನ ಮೇಲೆ ಉದ್ದಕ್ಕೂ ವೈರ್ ಎಳೆದರೆ ಜೀವಕ್ಕೆ ಅಪಾಯ. ಕೈಯಿಂದ ಕೊರೆದರೆ ಹದಿನೈದು ದಿನ ಬೇಕು. ಸೋಮವಾರ ಮಧ್ಯಾಹ್ನ ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆಂದು ಆಗಲೇ ಸಾರಿದ್ದರು.

ಮೌನೇಶ ಬ್ಯಾಟರಿ ಸಿಕ್ಕಿಸಿ ಗುಂಡಿ ಒತ್ತಿದ. ಜುಯ್ಯ್! ದಪ್ಪ ಹಲಗೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ತೂತು! ಅವನು ನಕ್ಕ. ಮತ್ತೊಂದು ಕೊರೆದ. ನೋಡಲು ಬಂದವರಿಗೆಲ್ಲ ಒಂದೊಂದು ಕೊರೆದು ತೋರಿಸಿದ. ಆ ಹುಮ್ಮಸ್ಸಿನಲ್ಲೇ ಇಬ್ಬರು ಕೆಲಸಗಾರರಿಗೆ ಫೋನ್ ಮಾಡಿ, "ನಾಳೆ ಮುಂಜಾನೆನೇ ಹಳೇ ಹಲಗಿ ಎಲ್ಲಾ ಕಿತ್ತು ಹಾಕ್ರಿ. ಶುಕ್ರವಾರ ಹೊಸಾವು ಕೂಡಸೋದ!" ಎಂದ.

ಗುರುವಾರ ಸಂಜೆಯ ಹೊತ್ತಿಗೆ ಎರಡೂ ಬ್ಯಾಟರಿ ಖಾಲಿಯಾದವು. ಚಾರ್ಜರ್ ತೆಗೆದರೆ ಅದರ ಪಿನ್ನು ಚಪ್ಪಟೆ. ನಮ್ಮ ಸಾಕೆಟ್ಟಿಗೆ ಹೋಗದು. ಪಕ್ಕದಲ್ಲೇ ರಜಿಯಾಬೇಗಂ ಅವರ ಮೋಟರ್ ವೈಂಡಿಂಗ್ ಅಂಗಡಿ. ಊರಿನ ಅರ್ಧ ಪಂಪ್‌ಸೆಟ್ಟುಗಳ ಸುರುಳಿ ಸುತ್ತಿದವರು ಅವರು. ಬಾಗಿಲು ಹಾಕುತ್ತಿದ್ದ ಅವರು, ಅವನ ಕೈಯಲ್ಲಿದ್ದ ಚಾರ್ಜರ್ ನೋಡಿ ಕೇಳಿದರು:

"ತಮ್ಮಾ, ಚಾರ್ಜರ್ ಹಿಂದ ಏನು ಬರದಾರ ಓದಿದೇನು?"

"ಅಕ್ಕಾ, ಅಷ್ಟು ದೊಡ್ಡ ಕಂಪನಿದು. ಓದೋದೇನೈತಿ? ಪಿನ್ನೊಂದು ಕೂಡವಲ್ದು, ಅಷ್ಟ."

"ನನ್ನ ಚಸ್ಮಾ ಮನ್ಯಾಗೈತಿ. ನಾಳೆ ಮುಂಜಾನೆ ತೊಗೊಂಡು ಬಾ, ನೋಡೂಣು. ಅಲ್ಲೀತನಕ ಹಚ್ಚಬ್ಯಾಡ."

ಮುಂಜಾನೆಯವರೆಗೆ ಕಾಯುವ ತಾಳ್ಮೆ ಅವನಿಗೆಲ್ಲಿತ್ತು? ಮೊಬೈಲ್ ಅಂಗಡಿಗೆ ಓಡಿ, ಚಪ್ಪಟೆ ಪಿನ್ನನ್ನು ನಮ್ಮ ಸಾಕೆಟ್ಟಿಗೆ ಹೊಂದಿಸುವ ಸಣ್ಣ ಕನ್ವರ್ಟರ್ ತಂದ. ಅದು ಚಾರ್ಜರಿಗೆ ಸರಿಯಾಗಿ ಕೂತಿತು. ಗೋಡೆಗೂ ಸರಿಯಾಗಿ ಕೂತಿತು. ಅವನು ಸ್ವಿಚ್ ಒತ್ತಿದ.

ಟಪ್!

ಚಾರ್ಜರಿನಿಂದ ಹೊಗೆ ಎದ್ದಿತು. ಮನೆಯ ದೀಪ ಆರಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯಲ್ಲಿ ಮೌನೇಶ ಸ್ವಿಚ್ ಆರಿಸಿ ಚಾರ್ಜರನ್ನು ಗೋಡೆಯಿಂದ ಕಿತ್ತ. ಗಡ್ಡಿಯ ಸೇತುವೆಯ ಮೇಲೆ ಈಗ ಒಂದು ಹಲಗೆಯೂ ಇಲ್ಲ ಎಂಬುದು ಅವನಿಗೆ ನೆನಪಾಯಿತು.

ಶುಕ್ರವಾರ ಬೆಳಿಗ್ಗೆ ತುಂಬಗಡ್ಡಿಯ ಹಣಮವ್ವ ಫೋನ್ ಮಾಡಿದಳು. ಗಡ್ಡಿಯ ಎಲ್ಲ ಮನೆಗಳ ಹಾಲನ್ನು ದಿನವೂ ಸೇತುವೆ ದಾಟಿ ಡೇರಿಗೆ ಹಾಕುವವಳು ಆಕೆ.

"ಏನಪಾ ಮೌನೇಶ, ಹಲಗಿ ಕಿತಗೊಂಡು ಹೋಗೀರಿ. ಇವತ್ತು ಹರಗೋಲಿನ್ಯಾಗ ಹಾಲು ಸಾಗಿಸೀನಿ. ನೀರು ಬಂದ್ರ ಹರಗೋಲೂ ಹಾಕಾಂಗಿಲ್ಲ. ಇಲ್ಲೊಬ್ಬಾಕಿ ತುಂಬಿದ ಬಸುರಿ ಅದಾಳ. ಎಲ್ಲದೀ?"

ಕಂಪನಿಯವರು ಕೆಟ್ಟ ಮಾಲು ಕಳಿಸಿದರು ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಯವ್ವಾ, ತಪ್ಪು ನಂದ. ಅವಸರ ಮಾಡಿ ಚಾರ್ಜರ್ ಸುಟ್ಟೀನಿ. ಏನಾರ ಮಾಡಿ ಸೋಮವಾರದೊಳಗ ಮುಗಸ್ತೀನಿ."

"ಮುಗಸು" ಎಂದಷ್ಟೇ ಹೇಳಿ ಆಕೆ ಫೋನ್ ಇಟ್ಟಳು.

ಅವನು ಸುಟ್ಟ ಚಾರ್ಜರ್ ಮತ್ತು ಎರಡೂ ಬ್ಯಾಟರಿ ಹಿಡಿದು ರಜಿಯಾಬೇಗಂ ಮುಂದೆ ನಿಂತ. ಅವರು ಬೈಯಲಿಲ್ಲ. ಚಸ್ಮಾ ಹಾಕಿಕೊಂಡು ಅದರ ಬೆನ್ನು ಅವನ ಕಡೆ ತಿರುಗಿಸಿದರು.

"ನೀನ ಓದು."

"ಇನ್‌ಪುಟ್... ನೂರಾ ಇಪ್ಪತ್ತು ವೋಲ್ಟ್."

"ಆ ದೇಶದ ಕರೆಂಟು ಅಷ್ಟು. ನಮ್ಮ ಗ್ವಾಡ್ಯಾಗ ಬರೋದು ಇನ್ನೂರಾ ಮೂವತ್ತು. ಸುಮಾರು ಎರಡು ಪಟ್ಟು! ನೀ ತಂದ ಕನ್ವರ್ಟರ್ ಪಿನ್ನಿನ ಆಕಾರ ಬದಲು ಮಾಡ್ತೈತಿ, ಕರೆಂಟು ಬದಲು ಮಾಡಂಗಿಲ್ಲ."

ಮೌನೇಶ ತಲೆ ತಗ್ಗಿಸಿದ. "ಹಂಗಾದ್ರ ಬ್ಯಾಟರಿನೂ ಹೋದ್ವೇನಕ್ಕಾ?"

ಅವರು ಮೀಟರ್ ಹಚ್ಚಿ ನೋಡಿದರು. ಒಂದು ಬ್ಯಾಟರಿ. ಇನ್ನೊಂದು.

"ಎರಡೂ ಚಲೋ ಅದಾವ!" ರಜಿಯಾಬೇಗಂ ಮುಖ ಅರಳಿತು. "ಡ್ರಿಲ್ಲಿಗೆ ಯಾವ ದೇಶಾನೂ ಇಲ್ಲ, ಅದು ಬ್ಯಾಟರಿ ಮ್ಯಾಲ ತಿರಗತೈತಿ. ಗ್ವಾಡಿಗೆ ಹಚ್ಚೋದು ಚಾರ್ಜರ್ ಒಂದ. ಇದೇ ಕಂಪನಿ ನಮ್ಮ ದೇಶಕ್ಕಂತ ಮಾಡಿದ ಚಾರ್ಜರ್ ತಾ. ನಿನ್ನ ಬ್ಯಾಟರಿ ನಂಬರ್ ಅದರ ಪುಸ್ತಕದಾಗ ಐತೋ ಇಲ್ಲೋ ನೋಡು. ಇದ್ರ ಮಾತ್ರ ತೊಗೊ."

"ನೀವೂ ಬರ್ರಿ ಅಕ್ಕಾ."

"ನಿನಗ ಓದಾಕ ಬರತೈತಲ್ಲ? ಹೋಗು, ಬಸ್ ಬಂತು!"

ರಾಯಚೂರಿನ ದೊಡ್ಡ ಅಂಗಡಿಯವನು ಒಂದು ಚಾರ್ಜರ್ ತೆಗೆದು ಮೇಜಿನ ಮೇಲಿಟ್ಟ. "ಇದು ಎಲ್ಲಾ ಬ್ಯಾಟರಿಗೂ ಬರತೈತ್ರಿ. ಅಗ್ಗಾನೂ ಐತಿ." ಮೌನೇಶ ತನ್ನ ಬ್ಯಾಟರಿ ಇಟ್ಟು ನೋಡಿದ. ಟಕ್ ಎಂದು ಕೂತಿತು! ಹಣ ತೆಗೆಯಲು ಕೈ ಜೇಬಿಗೆ ಹೋಯಿತು.

ಕೈ ಅಲ್ಲೇ ನಿಂತಿತು. ಅವನು ಚಾರ್ಜರನ್ನು ತಿರುಗಿಸಿದ. ಕರೆಂಟು ನಮ್ಮದೇ, ಇನ್ನೂರಾ ಇಪ್ಪತ್ತರಿಂದ ಇನ್ನೂರಾ ನಲವತ್ತು. ಆದರೆ ಯಾವ ಬ್ಯಾಟರಿಗೆ ಎಂದು ಎಲ್ಲೂ ಬರೆದಿಲ್ಲ. ಪುಸ್ತಕವೂ ಇಲ್ಲ.

"ಇದು ಬ್ಯಾಡ್ರಿ. ಕಂಪನಿದು ತೋರಸ್ರಿ."

ಗೋದಾಮಿನಲ್ಲಿ ಹುಡುಕಿದರೆ ಉಳಿದದ್ದು ಒಂದೇ ಒಂದು. ಬಸ್ಸಿಗೆ ಅರ್ಧ ಗಂಟೆಯಿತ್ತು. ಮೌನೇಶ ಬೆರಳಿಟ್ಟು ಒಂದೊಂದೇ ಸಾಲು ಓದಿದ. ಕರೆಂಟು ಸರಿ. ಪುಸ್ತಕ ತೆರೆದ. ಬ್ಯಾಟರಿಗಳ ಪಟ್ಟಿ ಉದ್ದಕ್ಕಿತ್ತು. ಮೇಲಿನಿಂದ ಐದನೆಯದು, ಆರನೆಯದು, ಏಳನೆಯದು... ಇತ್ತು! ಅವನ ಬ್ಯಾಟರಿಯ ನಂಬರೇ ಅಲ್ಲಿತ್ತು!

"ಇಲ್ಲೇ ಒಮ್ಮೆ ಹಚ್ಚಿ ನೋಡೂಣ್ರೀ."

ಸ್ವಿಚ್ ಹಾಕಿದರು. ಹಸಿರು ದೀಪ ಮಿಣುಕಿತು. ಹತ್ತು ನಿಮಿಷ ಕಾದರು. ಸದ್ದಿಲ್ಲ, ಬಿಸಿಯಿಲ್ಲ, ಹೊಗೆಯಿಲ್ಲ. ಮೌನೇಶ ಅಂಗಡಿಯವನ ಎರಡೂ ಕೈ ಹಿಡಿದು ಕುಲುಕಿ, ಬಸ್ಸಿಗೆ ಓಡಿದ.

ಶನಿವಾರ ಬೆಳಕು ಹರಿಯುತ್ತಲೇ ಕೆಲಸ ಶುರುವಾಯಿತು. ದಡದ ಹಿಟ್ಟಿನ ಗಿರಣಿಯಲ್ಲಿ ಒಂದು ಬ್ಯಾಟರಿ ಚಾರ್ಜಿಗೆ, ಸೇತುವೆಯ ಮೇಲೆ ಇನ್ನೊಂದು ಡ್ರಿಲ್ಲಿಗೆ. ಒಂದು ಮುಗಿದರೆ ಇನ್ನೊಂದು ಸಿದ್ಧ! ಮೌನೇಶ ಕೊರೆದ, ಒಬ್ಬ ಬೋಲ್ಟ್ ಇಳಿಸಿದ, ಇನ್ನೊಬ್ಬ ನಟ್ಟು ಬಿಗಿದ. ಸಂಜೆಗೆ ನಲವತ್ತೈದು ಹಲಗೆ. ಭಾನುವಾರ ಸಂಜೆಗೆ ತೊಂಬತ್ತಾರು. ಗಡ್ಡಿಯವರು ಆ ತುದಿಯಲ್ಲಿ ನಿಂತು ಎಣಿಸುತ್ತಿದ್ದರು. ಸೋಮವಾರ ಹೊತ್ತೇರುತ್ತಿದ್ದಂತೆ ಅವರ ಎಣಿಕೆ ಕೂಗಾಯಿತು. "ನೂರಾ ಹದಿನೆಂಟು! ನೂರಾ ಹತ್ತೊಂಬತ್ತು!" ಕೊನೆಯ ಬೋಲ್ಟು ಬಿಗಿಯಾದಾಗ ಹನ್ನೊಂದೂವರೆ.

ಹಣಮವ್ವ ಹಾಲಿನ ಕ್ಯಾನು ಹೊತ್ತು ಮೊದಲು ಹೆಜ್ಜೆ ಇಟ್ಟಳು. ಪ್ರತಿ ಹಲಗೆಯನ್ನೂ ಹಿಮ್ಮಡಿಯಿಂದ ಗುದ್ದಿ ನೋಡುತ್ತ ಬಂದಳು. ಒಂದೂ ಅಲುಗಲಿಲ್ಲ. ಅವಳ ಹಿಂದೆ ತುಂಬಿದ ಬಸುರಿ ತನ್ನ ಗಂಡನ ಕೈ ಹಿಡಿದು ದಾಟಿ, ಜೀಪು ಹತ್ತಿ ಆಸ್ಪತ್ರೆಗೆ ಹೊರಟಳು. ಮಧ್ಯಾಹ್ನ ಕೆಂಪು ನೀರು ಭೋರ್ಗರೆದು ಬಂತು. ಹರಗೋಲು ಕಟ್ಟುವ ಕಲ್ಲು ಮುಳುಗಿತು. ಸೇತುವೆಯ ಮೇಲೆ ಮಾತ್ರ ಜನ ಸಾಲಾಗಿ ನಿಂತು, ಕೆಳಗೆ ಹೋಗುವ ನೀರನ್ನು ನೋಡುತ್ತ ಕೇಕೆ ಹಾಕುತ್ತಿದ್ದರು.

ಕೆಲಸಗಾರನೊಬ್ಬ ಮೌನೇಶನನ್ನು ಕೇಳಿದ: "ಅಣ್ಣಾ, ನಾನೂ ಹೊರದೇಶದಿಂದ ಇಂಥಾದ್ದು ತರಸ್ಲೇನು?"

"ತರಸು, ಯಾಕ ತರಸಬಾರ್ದು? ಆದ್ರ ದುಡ್ಡು ಕಟ್ಟೂಕಿಂತ ಮೊದಲು ಬಾ. ಅದರ ಬೆನ್ನಮ್ಯಾಗಿಂದು ಇಬ್ರೂ ಕೂತು ಓದೂಣು."

ನೀತಿ: ಹೊಸ ವಸ್ತು ತಂದ ಸಂತೋಷ ತಪ್ಪಲ್ಲ, ಆ ಸಂತೋಷದಲ್ಲಿ ಎರಡು ನಿಮಿಷ ನಿಂತು ಓದದಿರುವುದು ತಪ್ಪು. ಹೊರಗಿನಿಂದ ಹೊಂದಿಕೊಂಡದ್ದೆಲ್ಲ ಒಳಗೂ ಹೊಂದುತ್ತದೆ ಎಂದು ನಂಬಬೇಡಿ. ಬಲ್ಲವರನ್ನು ಕೇಳಿ, ಮತ್ತು ಎಡವಿದಾಗ ತಪ್ಪನ್ನು ಒಪ್ಪಿಕೊಂಡು ಕೂಡಲೇ ತಿದ್ದಿಕೊಳ್ಳಿ.