ಚೌರಪ್ಪನ ವಿಶ್ವಾಸದ ಪ್ರಬಂಧ

ನಗೋರು ಈಗಲೇ ನಕ್ಕು ಮುಗಿಸಿಬಿಡಿ. ನಮ್ಮ ಚೌರಪ್ಪ ಪೆದ್ದನೇ, ನಾನೇನು ಅಲ್ಲ ಅನ್ನಲ್ಲ. ಹತ್ತನೇ ಕ್ಲಾಸಿಗೆ ಬಂದಿದ್ರೂ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅವನಮ್ಮ ಲೂರ್ದಮ್ಮ ಚರ್ಚಿನ ಕಸ ಗುಡಿಸೋಳು. "ಮಾತೆಯೇ, ಇವನ ತಲೇಲಿ ಏನಿಟ್ಟೆಯಮ್ಮ" ಅಂತ ಪೊರಕೆ ಹಿಡಿದೇ ಮರಿಯಮಾತೆಯ ಸ್ವರೂಪದ ಮುಂದೆ ನಿಂತು ಕೇಳೋಳು.

ಆ ವರ್ಷ ಬಿಷಪ್ ಮನೆಯಿಂದ ಸುದ್ದಿ ಬಂತು. ಹೈಸ್ಕೂಲು ಮಕ್ಕಳು 'ನನ್ನ ವಿಶ್ವಾಸ' ಅಂತ ಪ್ರಬಂಧ ಬರೀಬೇಕು, ಚೆನ್ನಾಗಿ ಬರೆದವರಿಗೆ ಕಾಲೇಜು ಓದೋಕೆ ವಿದ್ಯಾರ್ಥಿವೇತನ.

ಲೂರ್ದಮ್ಮನ ಮೈದುನ ರಾಯಪ್ಪ ಬೇಕರಿ ಇಟ್ಟಿದ್ದ. "ಇವನಿಗ್ಯಾಕೆ ಕಾಲೇಜು ಅತ್ತಿಗೆ? ನನ್ನ ಹತ್ರ ಕಳ್ಸಿ, ಹಿಟ್ಟು ನಾದಲಿ" ಅಂದ.

"ಕಳ್ಸಲ್ಲ. ನನ್ನ ಮಗ ಬರೀತಾನೆ, ಓದ್ತಾನೆ" ಅಂದ್ಳು ಲೂರ್ದಮ್ಮ.

ಮೂರು ಭಾನುವಾರ ಪೂಜೆ ಆದ್ಮೇಲೆ ಫಾದರ್ ಮಕ್ಕಳನ್ನ ಕೂರಿಸಿ ಬರೆಸೋದು, ಮೂರನೇ ವಾರ ಸಂಜೆ ಹಾಳೆಗಳು ಬಿಷಪ್ ಮನೆಗೆ ಹೋಗೋದು ಅಂತ ಆಯ್ತು.

ಮೊದಲನೇ ವಾರ ಅಮ್ಮ, "ಜಪ ಮಾಡಿ ಬರಿಯಪ್ಪ" ಅಂದ್ಳು. ಚೌರಪ್ಪ ಮೊಣಕಾಲೂರಿ ಜಪಸರ ಹಿಡಿದ. ಐವತ್ಮೂರು 'ನಮೋ ಮರಿಯಾ' ಮುಗಿಯೋಷ್ಟರಲ್ಲಿ ಗಂಟೆ ಹೊಡೀತು, ಹಾಳೆ ಬೆಳ್ಳಗೇ ಇತ್ತು.

"ಅಷ್ಟುದ್ದ ಯಾಕೋ ಮುಠ್ಠಾಳ? ಒಂದು ಶಿಲುಬೆ ಗುರುತು, ಒಂದು ಆಮೆನ್, ಅಷ್ಟು ಸಾಕು" ಅಂದ್ಳು ಅಮ್ಮ.

ಎರಡನೇ ವಾರ ಹಾಳೆ ಮೇಲೆ ಒಂದು ಶಿಲುಬೆ ಬರೆದ, ಕೆಳಗೊಂದು ಆಮೆನ್ ಬರೆದ, ಎಲ್ಲರಿಗಿಂತ ಮುಂಚೆ ಎದ್ದು ಬಂದ.

"ಅಯ್ಯೋ ಯೇಸುವೇ! ಮನಸಲ್ಲಿರೋದನ್ನೆಲ್ಲ ಫಾದರ್ ಮುಂದೆ ಬಿಚ್ಚಿಡೋ."

ಮೂರನೇ ವಾರ ಪೂಜೆಗೆ ಮುಂಚೆ ಹೋಗಿ ಪಾಪನಿವೇದನೆ ಪೀಠದಲ್ಲಿ ಮೊಣಕಾಲೂರಿದ. ಮನಸಲ್ಲಿರೋದನ್ನೆಲ್ಲ ಜಾಲರಿ ಆಚೆಗಿದ್ದ ಫಾದರ್ ಕಿವಿಗೆ ಬಿಚ್ಚಿಟ್ಟ. ಆಮೇಲೆ ಎಲ್ಲರೂ ಬರೀತಿದ್ರೆ ಕೈಕಟ್ಟಿ ಕೂತ.

"ಏನಾದ್ರೂ ಬರಿಯೋ ಚೌರಪ್ಪ" ಅಂತ ಫಾದರ್ ಅಂಗಲಾಚಿದರು.

"ಹೇಳಿಯಾಯ್ತಲ್ಲ ಫಾದರ್. ಕ್ಷಮೆ ಸಿಕ್ಕಿದ್ದನ್ನ ಮತ್ತೆ ಎತ್ತಬಾರದು ಅಂತ ನೀವೇ ಕಲಿಸಿದ್ದು."

ಲೂರ್ದಮ್ಮ ಓಡಿಬಂದ್ಳು. ಅತ್ತು ಅತ್ತು ಫಾದರ್ ಕಣ್ಣು ಕೆಂಪಗಿತ್ತು. "ಏನು ಹೇಳಿದ ಫಾದರ್ ನನ್ನ ಮಗ?"

"ಪಾಪನಿವೇದನೆಯಲ್ಲಿ ಕೇಳಿದ್ದನ್ನ ತಲೆ ಹೋದ್ರೂ ಹೇಳೋ ಹಾಗಿಲ್ಲ ಲೂರ್ದಮ್ಮ."

ಸಂಜೆ ಹಾಳೆಗಳು ಹೋದವು, ಚೌರಪ್ಪನದೊಂದು ಬಿಟ್ಟು. ಲೂರ್ದಮ್ಮ ಮಗನ ಕಡೆ ತಿರುಗಿದ್ಳು. "ಬಾಯಲ್ಲಿ ಹೇಳಿ ಏನು ಬಂತೋ? ಇನ್ಮೇಲೆ ಯಾರೇ ಏನೇ ಕೇಳಲಿ, ಹಾಳೆ ಮೇಲೆ ಬರೆದುಕೊಡು."

ಬೆಳಿಗ್ಗೆ ರಾಯಪ್ಪ ಬಂದ. "ಕಾಲೇಜು ಮುಗೀತಲ್ಲ. ಬೇಕರಿಗೆ ಬರ್ತೀಯೇನೋ?"

ಚೌರಪ್ಪ ಉಳಿದಿದ್ದ ಹಾಳೆ ತಗೊಂಡು ಬರೆಯೋಕೆ ಕೂತ. ಎರಡೂ ಮಗ್ಗುಲು ತುಂಬಿಸಿ ಚಿಕ್ಕಪ್ಪನ ಕೈಗಿಟ್ಟ. ರಾಯಪ್ಪನಿಗೆ ಓದೋಕೆ ಬರಲ್ಲ, ಅತ್ತಿಗೆ ಕೈಗೆ ಕೊಟ್ಟ. ಅವಳು ಓದಿದ್ಳು.

'ಊರೆಲ್ಲ ನನ್ನನ್ನು ಪೆದ್ದ ಅನ್ನುತ್ತದೆ. ಅಮ್ಮನೂ ಅನ್ನುತ್ತಾಳೆ. ಆದರೆ ಬೇರೆ ಯಾರಾದರೂ ಅಂದರೆ ಪೊರಕೆ ಎತ್ತುತ್ತಾಳೆ. ದೇವರೂ ಹಾಗೇ ಇರಬೇಕು. ಅದೇ ನನ್ನ ವಿಶ್ವಾಸ.' ಹೀಗೇ ಎರಡು ಮಗ್ಗುಲು. ಕೊನೇಲಿ, 'ಬೇಕರಿಗೆ ಬರಲ್ಲ ಚಿಕ್ಕಪ್ಪ.' ಅದರ ಕೆಳಗೆ ಒಂದು ಶಿಲುಬೆ, ಒಂದು ಆಮೆನ್.

ಲೂರ್ದಮ್ಮ ಅತ್ತೇಬಿಟ್ಟಳು. "ಇದನ್ನ ನಿನ್ನೆ ಬರೆಯೋಕೇನಾಗಿತ್ತೋ ನಿನಗೆ?"

"ನಿನ್ನೇದಕ್ಕೆ ಬಿಚ್ಚಿಡು ಅಂದಿದ್ದೆಯಲ್ಲಮ್ಮ. ಬರೆದುಕೊಡು ಅಂದಿದ್ದು ಆಮೇಲೆ."

ರಾಯಪ್ಪ ಕಿಸಕ್ಕನೆ ನಕ್ಕ. "ಎಂಥಾ ಪೆದ್ದ ಅತ್ತಿಗೆ ಇವನು" ಅಂದ.

ಲೂರ್ದಮ್ಮ ಕಣ್ಣೊರೆಸಿಕೊಂಡು ಪೊರಕೆ ಎತ್ತಿದಳು.